ದೀಪ ಆರಿದರೆ ಶುಭ

ಎಲ್ಲರೂ ಕೂತಿರಾ? ಹೂಂ ಅನ್ನುವವರು ಒಬ್ಬರು ಬೇಕು. ಹೂಂ ಅನ್ನುವವರಿಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಆದರೆ ಸುಮ್ಮಸುಮ್ಮನೆ ಹೂಂ ಅನ್ನಬೇಡಿ. ಹೇಳಿದ್ದಕ್ಕೆಲ್ಲ ಹೂಂ ಅಂದವನೊಬ್ಬ ಈ ಕಥೆಯಲ್ಲೇ ಇದ್ದಾನೆ. ಅವನು ರಾಜ.

ನವಿಲುದಿಣ್ಣೆ ಅಂತ ಒಂದು ರಾಜ್ಯ. ದೊಡ್ಡದೇನಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಈ ಗಡಿಯಿಂದ ಹೊರಟರೆ ಸಂಜೆಗೆ ಆ ಗಡಿ. ಮೂರು ಕಡೆ ಕಲ್ಲುಬೆಟ್ಟ, ಒಂದು ಕಡೆ ಹೊಳೆ, ನಡುವೆ ರಾಗಿ ಹೊಲ. ಅರಮನೆಯ ಅಂಗಳದಲ್ಲಿ ಮೂರು ಹಗೇವು. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಒಂದು ಮನೆಯಷ್ಟು ದೊಡ್ಡದು. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಸಂದಿಗೆ ಕೆಮ್ಮಣ್ಣು ಮೆತ್ತಿಬಿಟ್ಟರೆ ಹತ್ತು ವರ್ಷವಾದರೂ ಕೆಡದು. ಜನ ಆ ಮೂರಕ್ಕೂ ಹೆಸರಿಟ್ಟಿದ್ದರು. ದೊಡ್ಡವ್ವ, ನಡುವವ್ವ, ಚಿಕ್ಕವ್ವ. ವರ್ಷಕ್ಕೆ ಮನೆಗೊಂದು ಕೊಳಗ ರಾಗಿ ಅಲ್ಲಿಗೆ ಸುರಿಯಬೇಕು. ಹೊಟ್ಟೆಗಿಲ್ಲದ ವರ್ಷ ಬಂದರೆ ಆ ರಾಗಿ ಎಲ್ಲರದು.

ಯುಗಾದಿಯ ಮರುದಿನ ವರ್ಷದೊಡಕು. ಆವತ್ತು ಒಂದು ಹಗೇವಿನ ಬಾಯಿ ತೆಗೆಯುವುದು ಅಲ್ಲಿನ ಪದ್ಧತಿ. ಈ ವರ್ಷ ದೊಡ್ಡವ್ವ, ಮುಂದಿನ ವರ್ಷ ನಡುವವ್ವ, ಅದರಾಚೆ ಚಿಕ್ಕವ್ವ. ಊರೆಲ್ಲ ಸುತ್ತ ನಿಲ್ಲುತ್ತಿತ್ತು. ದೀಪದ ಹೊಂಬಾಳಮ್ಮ ಅಂತ ಒಬ್ಬಳು ಅಜ್ಜಿ. ಅವಳ ಮನೆತನದವರೇ ತಲೆತಲಾಂತರದಿಂದ ದೀಪ ಇಳಿಸುವವರು. ಅವಳು ಒಂದು ಹಣತೆ ಹಚ್ಚಿ, ಹುರಿಯಿಂದ ಹೆಣೆದ ನೆಲುವಿನಲ್ಲಿ ಕೂರಿಸಿ, ಹಗ್ಗ ಕಟ್ಟಿ ಹಗೇವಿನ ಬಾಯೊಳಗೆ ಬಿಡುತ್ತಿದ್ದಳು. ದೀಪ ಒಂದು ಮೊಳ ಇಳಿಯುತ್ತಿತ್ತು, ಎರಡು ಮೊಳ ಇಳಿಯುತ್ತಿತ್ತು, ಮೂರನೇ ಮೊಳಕ್ಕೆ ಫಕ್ಕನೆ ಆರುತ್ತಿತ್ತು.

ಆರಿದ ಕೂಡಲೇ ಜನ ಕೈಮುಗಿಯುತ್ತಿದ್ದರು.

ನಗಬೇಡಿ. ಬೇರೆ ಊರುಗಳಲ್ಲಿ ದೀಪ ಆರಿತು ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ, ದೀಪ ದೊಡ್ಡದಾಯಿತು ಅನ್ನುತ್ತಾರೆ. ನವಿಲುದಿಣ್ಣೆಯಲ್ಲಿ ಮಾತ್ರ ದೀಪ ಆರಿದರೆ ಶುಭ. ಯಾಕೆ ಅಂದರೆ, ಕಾಳು ಅಂದರೆ ಸತ್ತ ವಸ್ತುವಲ್ಲ. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಅಷ್ಟು ರಾಗಿ ವರ್ಷಗಟ್ಟಲೆ ಕೂತು ಒಳಗಿನ ಒಳ್ಳೆಯ ಗಾಳಿಯನ್ನೆಲ್ಲ ಕುಡಿದು ಮುಗಿಸಿರುತ್ತದೆ. ಆ ಗಾಳಿಯಲ್ಲಿ ದೀಪವೂ ಉಳಿಯದು, ಮನುಷ್ಯನೂ ಉಳಿಯನು. ದೀಪ ಆರಿತು ಅಂದರೆ ಎರಡು ಮಾತು. ಒಂದು, ಈಗಲೇ ಇಳಿಯಬೇಡಿ. ಇನ್ನೊಂದು, ಒಳಗೆ ರಾಗಿ ಇದೆ, ಯಾರೂ ಮುಟ್ಟಿಲ್ಲ.

ಆಮೇಲೆ ಬೇವಿನ ಕೊಂಬೆಗಳನ್ನು ಇಳಿಬಿಟ್ಟು ಬೀಸಿ ಬೀಸಿ ಗಾಳಿ ಬದಲಿಸುತ್ತಿದ್ದರು. ದೀಪ ನಿಂತ ಮೇಲೆ ಒಬ್ಬ ಇಳಿದು ತಳದಿಂದ ಒಂದು ಮೊರ ರಾಗಿ ತರುತ್ತಿದ್ದ. ಅದನ್ನು ಬೀಸಿ ಅಂಬಲಿ ಕಾಯಿಸಿ ಎಲ್ಲರಿಗೂ ಒಂದೊಂದು ಗುಟುಕು. ರಾಜನಿಗೂ ಒಂದೇ ಗುಟುಕು. ಹಗೇವಿನ ರಾಗಿಗೆ ಮಣ್ಣೊಳಗಿದ್ದ ಒಂದು ವಾಸನೆ ಇರುತ್ತದೆ, ಅಷ್ಟೇನೂ ಚೆನ್ನಾಗಿರುವುದಿಲ್ಲ. ಆದರೂ ಕುಡಿದು ಎಲ್ಲರೂ ತಮ್ಮ ತಮ್ಮ ಕೊಳಗ ಸುರಿದು ಮನೆಗೆ ಹೋಗುತ್ತಿದ್ದರು. ಹೀಗೆ ನೂರಾರು ವರ್ಷ ನಡೆಯಿತು.

ಹಳೇ ರಾಜ ತೀರಿಕೊಂಡ. ಮೊಮ್ಮಗ ಬೊಮ್ಮರಸ ಪಟ್ಟಕ್ಕೆ ಬಂದ. ಒಳ್ಳೆಯವನು, ಪಾಪ. ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದ. ದೂರದ ಸೀಮೆಯಿಂದ ಹೆಣ್ಣು ತಂದರು. ರಾಣಿಯ ಜೊತೆಗೆ ಹನ್ನೆರಡು ಪೆಟ್ಟಿಗೆ ಬಂದವು, ನಾಲ್ಕು ಕುದುರೆ ಬಂದವು, ಸಂಪಂಗಯ್ಯ ಅನ್ನುವ ಒಬ್ಬ ಮನುಷ್ಯ ಬಂದ. ಪೆಟ್ಟಿಗೆಗಳನ್ನು ಎಲ್ಲಿಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಕುದುರೆಗಳನ್ನು ಎಲ್ಲಿ ಕಟ್ಟಬೇಕು ಅಂತಲೂ ಗೊತ್ತಿತ್ತು. ಸಂಪಂಗಯ್ಯನನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಹಗೇವು ನೋಡಿಕೊಳ್ಳುವ ಪಾರುಪತ್ತೇಗಾರನನ್ನಾಗಿ ಮಾಡಿದರು.

ಅವನು ಬಂದ ವರ್ಷ ದೊಡ್ಡವ್ವನ ಸರದಿ. ದೀಪ ಆರಿತು. ಜನ ಕೈಮುಗಿದರು. ರಾಣಿಯ ತವರಿನವರು ಕಿಸಕ್ಕನೆ ನಕ್ಕರು. ಸಂಪಂಗಯ್ಯನಿಗೆ ಮುಖ ಎತ್ತಲು ನಾಚಿಕೆಯಾಯಿತು. ದೀಪ ಆರಿದ್ದಕ್ಕೆ ಸಂಭ್ರಮ ಪಡುವ ಮೂಢ ಜನ ಅಂದುಕೊಂಡ. ಯಾಕೆ ಹೀಗೆ ಅಂತ ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೇಳಿದರೆ ಪಾರುಪತ್ತೇಗಾರನಿಗೆ ಗೊತ್ತಿಲ್ಲ ಅನ್ನುವುದು ಜನಕ್ಕೆ ಗೊತ್ತಾಗುತ್ತದಲ್ಲ.

ಆವತ್ತು ಸಂಜೆ ತವರಿನವರಿಗೆ ಔತಣ. ದೊಡ್ಡವ್ವನ ಬಾಯಿಗೆ ಚಪ್ಪಡಿ ಮುಚ್ಚಿಸಿ, ಕೆಮ್ಮಣ್ಣು ನಾಳೆ ಮೆತ್ತಿದರಾಯಿತು ಅಂತ ಸಂಪಂಗಯ್ಯ ಊಟಕ್ಕೆ ಹೋದ. ನಾಳೆ ನಾಡಿದ್ದಾಯಿತು. ನಾಡಿದ್ದು ಮರೆತೇ ಹೋಯಿತು. ಮಳೆ ಬಂತು. ನೀರು ಒಳಗಿಳಿದು ಮೇಲಿನ ಇಪ್ಪತ್ತು ಚೀಲದಷ್ಟು ರಾಗಿ ಮೊಳೆತು ಕೊಳೆಯಿತು.

ಇಲ್ಲಿ ಒಂದು ಮಾತು. ಸಂಪಂಗಯ್ಯ ಮೊದಲು ಕಳ್ಳನಾಗಿರಲಿಲ್ಲ. ಮೊದಲು ಬರೀ ಹೆದರಿದ. ಆವತ್ತೇ ಅಂಗಳದಲ್ಲಿ ನಿಂತು, "ನನ್ನಿಂದ ತಪ್ಪಾಯಿತು, ಇಪ್ಪತ್ತು ಚೀಲ ಹಾಳಾಯಿತು" ಅಂದಿದ್ದರೆ ಜನ ನಾಲ್ಕು ಬೈದು, ಕೊಳೆತದ್ದನ್ನು ಎತ್ತಿ ಹೊರಗೆ ಹಾಕಿ, ತಾವೇ ಕೆಮ್ಮಣ್ಣು ಮೆತ್ತಿ ಹೋಗುತ್ತಿದ್ದರು. ಅವನು ಹೇಳಲಿಲ್ಲ. ಮುಂದಿನ ವರ್ಷದೊಡಕಿಗೆ ವಾರ ಇರುವಾಗ ರಾಜನ ಹತ್ತಿರ ಹೋದ.

"ಮಹಾಸ್ವಾಮಿ, ದೀಪ ಆರುವುದು ಅಪಶಕುನ. ನಾಲ್ಕು ಜನ ನೋಡಿ ನಗುತ್ತಾರೆ. ಹಗೇವು ತೆಗೆಯುವ ಪದ್ಧತಿ ಈ ವರ್ಷ ಬೇಡ."

"ಹೂಂ" ಅಂದ ರಾಜ.

ಡಂಗುರದ ಗವಿಯ ಬೀದಿಬೀದಿ ತಿರುಗಿ ಸಾರಿದ. "ಕೇಳ್ರಪ್ಪೋ ಕೇಳಿ. ಹಗೇವು ತುಂಬಿದೆ. ದೀಪ ಆರುವುದು ಅಪಶಕುನವಾದ್ದರಿಂದ ಈ ವರ್ಷ ಬಾಯಿ ತೆಗೆಯುವುದಿಲ್ಲ. ಕೊಳಗದ ರಾಗಿ ಹೆಬ್ಬಾಗಿಲಲ್ಲೇ ಸುರಿದು ಹೋಗಿ. ಇದು ನನ್ನ ಮಾತಲ್ಲ, ಅರಮನೆ ಮಾತು." ಗವಿಯ ಯಾವತ್ತೂ ಹೀಗೇ ಮುಗಿಸುತ್ತಿದ್ದ. ಅವನ ಅಪ್ಪನೂ ಹೀಗೇ ಮುಗಿಸುತ್ತಿದ್ದ. ಡಂಗುರದವರಿಗೆ ಅನುಭವ ಜಾಸ್ತಿ.

ಜನ ಕೊಳಗ ಸುರಿದರು. ಅಂಬಲಿ ಮಾತ್ರ ಅರಮನೆ ಅಡುಗೆಮನೆಯಿಂದ ಹಂಡೆಯಲ್ಲಿ ಬಂತು. ಅದಕ್ಕೆ ಮಜ್ಜಿಗೆ ಬೆರೆಸಿ, ಜೀರಿಗೆ ಒಗ್ಗರಣೆ ಹಾಕಿದ್ದರು. ಎಲ್ಲರೂ ಎರಡೆರಡು ಲೋಟ ಕುಡಿದರು. ಹೊಂಬಾಳಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಯಾಕಜ್ಜಿ, ಚೆನ್ನಾಗಿಲ್ವಾ?" ಅಂದ ಗವಿಯ.

"ಚೆನ್ನಾಗದೆ ಕಣಪ್ಪ. ಅದೇ ನಂಗೆ ಸರಿಬತ್ತಿಲ್ಲ" ಅಂದಳು ಹೊಂಬಾಳಮ್ಮ.

ಒಂದು ವರ್ಷ ಯಾರೂ ನೋಡಲಿಲ್ಲ. ಹಾಗಾದರೆ ಇನ್ನು ಮುಂದೆಯೂ ಯಾರೂ ನೋಡುವುದಿಲ್ಲ ಅಂತ ಸಂಪಂಗಯ್ಯನಿಗೆ ಹೊಳೆಯಿತು. ಮುಚ್ಚಿದ್ದು ಕದಿಯಬೇಕು ಅಂತಲ್ಲ. ಆದರೆ ಮುಚ್ಚಿದ ಮೇಲೆ ಕದಿಯದೆ ಇರಲು ಅವನ ಕೈಲಿ ಆಗಲಿಲ್ಲ. ಮೊದಲು ಒಂದು ಚೀಲ, ಆಮೇಲೆ ಒಂದು ಗಾಡಿ, ಆಮೇಲೆ ಗಾಡಿಗಳ ಸಾಲು. ದೊಡ್ಡವ್ವನ ಹೊಟ್ಟೆ ಗಡಿಯಾಚೆ ಅವನ ಮಾವನ ಮನೆಯ ಕಣಜಕ್ಕೆ ಹೋಯಿತು.

ಎರಡನೇ ವರ್ಷ ಬಂತು. "ಮಹಾಸ್ವಾಮಿ, ಬಾಯಿ ತೆಗೆದರೆ ಗಾಳಿ ನುಗ್ಗಿ ಕಾಳಿಗೆ ಹುಳ ಬೀಳುತ್ತದೆ" ಅಂದ ಸಂಪಂಗಯ್ಯ. "ಹೂಂ" ಅಂದ ರಾಜ. "ಹಗೇವು ಬಹಳ ತುಂಬಿದೆ" ಅಂತ ಗವಿಯ ಸಾರಿದ. "ಇದು ನನ್ನ ಮಾತಲ್ಲ, ಅರಮನೆ ಮಾತು."

ಮೊದಲ ವರ್ಷ ತುಂಬಿದ್ದದ್ದು ಎರಡನೇ ವರ್ಷ ಬಹಳ ತುಂಬಿತು ಅಂದಾಗ ಜನ ಮುಖ ಮುಖ ನೋಡಿಕೊಂಡರು. ಆ ವರ್ಷ ಕೊಳಗದಲ್ಲಿ ಅರ್ಧ ರಾಗಿ, ಅರ್ಧ ಹೊಟ್ಟು ತಂದು ಸುರಿದರು. ನಡುವವ್ವನ ಹೊಟ್ಟೆಯೂ ಗಡಿ ದಾಟಿತು.

ಮೂರನೇ ವರ್ಷ ಬಂತು. "ಮಹಾಸ್ವಾಮಿ, ಹಗೇವಿನಲ್ಲಿ ಎಷ್ಟಿದೆ ಅಂತ ಹೊರಗೆ ಗೊತ್ತಾದರೆ ಶತ್ರುಗಳು ಬರುತ್ತಾರೆ. ಇನ್ನು ಮೇಲೆ ಹಗೇವಿನ ಮಾತನ್ನೇ ಯಾರೂ ಆಡಕೂಡದು" ಅಂದ ಸಂಪಂಗಯ್ಯ. ನವಿಲುದಿಣ್ಣೆಗೆ ಶತ್ರುಗಳಿರಲಿಲ್ಲ. ಅಂಥದ್ದೊಂದು ರಾಜ್ಯ ಇದೆ ಅಂತಲೇ ಆಚೆ ಸೀಮೆಯ ಎಷ್ಟೋ ರಾಜರಿಗೆ ಗೊತ್ತಿರಲಿಲ್ಲ. ಆದರೂ ರಾಜ "ಹೂಂ" ಅಂದ.

ಗವಿಯ ಸಾರಿದ. "ಹಗೇವು ಹೇಳಬಾರದಷ್ಟು ತುಂಬಿದೆ. ಆದ್ದರಿಂದ ಯಾರೂ ಹೇಳಬಾರದು, ಕೇಳಬಾರದು. ಇದು ನನ್ನ ಮಾತಲ್ಲ, ಅರಮನೆ ಮಾತು."

ಆ ವರ್ಷ ಜನ ಕೊಳಗದ ತುಂಬ ಹೊಟ್ಟು ತುಂಬಿ, ಮೇಲೆ ಮಾತ್ರ ನಾಲ್ಕು ಬೆರಳು ರಾಗಿ ಹರಡಿಕೊಂಡು ತಂದರು. ಸಂಪಂಗಯ್ಯನಿಗೆ ಗೊತ್ತಾಯಿತು. ಅವನು ಏನೂ ಅನ್ನಲಿಲ್ಲ. ಅವನು ಏನೂ ಅನ್ನಲಿಲ್ಲ ಅನ್ನುವುದು ಜನಕ್ಕೂ ಗೊತ್ತಾಯಿತು.

ಅದೇ ವರ್ಷ ಕಾರ್ತೀಕದಲ್ಲಿ ಕಂಬಳಿಹುಳ ಬಿತ್ತು. ಹೊಲದಿಂದ ಹೊಲಕ್ಕೆ ಹರಿದು ತೆನೆ ಕಟ್ಟುವ ರಾಗಿಯನ್ನೆಲ್ಲ ತಿಂದುಹಾಕಿತು. ಫಾಲ್ಗುಣದ ಹೊತ್ತಿಗೆ ಮನೆಮನೆಯ ಕಾಳಿನ ಗುಡಾಣ ಖಾಲಿ. ಮಕ್ಕಳು ಅತ್ತರೆ ಬೈಯುವ ಚೈತನ್ಯವೂ ತಾಯಂದಿರಿಗೆ ಇರಲಿಲ್ಲ. ಈಗ ಎರಡೇ ದಾರಿ. ಅರಮನೆಯ ಹಗೇವು ನಂಬಿ ಉಳಿಯುವುದು, ಇಲ್ಲವೇ ಹೊಳೆ ದಾಟಿ ಬೇರೆ ಸೀಮೆಗೆ ಹೋಗುವುದು. ಹೋಗುವುದಾದರೆ ಈಗಲೇ ಹೋಗಬೇಕು. ಮಳೆ ಶುರುವಾಗಿ ಹೊಳೆ ಬಂದರೆ ಮೂರು ತಿಂಗಳು ಆಚೆ ದಾಟುವಂತಿಲ್ಲ. ಹಗೇವು ನಂಬಿ ಉಳಿದು, ಅಲ್ಲಿ ಏನೂ ಇಲ್ಲದಿದ್ದರೆ ಮಕ್ಕಳುಮರಿ ಸಮೇತ ಸಾವು. ಹೊರಟುಹೋದರೆ ಹೊಲ ಬಿತ್ತುವವರಿಲ್ಲ, ರಾಜ್ಯವೇ ಇಲ್ಲ.

ಜನ ಗಾಡಿ ಕಟ್ಟಿದರು.

ರಾಜ ಬೊಮ್ಮರಸ ಓಡಿ ಬಂದ. ಕುದುರೆ ಹತ್ತಲೂ ನೆನಪಾಗಲಿಲ್ಲ, ನಡೆದೇ ಬಂದ. ಮೊದಲ ಗಾಡಿಯ ಹತ್ತಿರ ನಿಂತು, "ಹೋಗಬೇಡಿ. ಹಗೇವು ತುಂಬಿದೆ. ನನ್ನ ಮಾತು ನಂಬಿ" ಅಂದ.

"ನಂಬ್ತೀವಿ ಬುದ್ಧಿ" ಅಂದು ಆ ರೈತ ಎತ್ತಿಗೆ ನೊಗ ಹೂಡಿದ.

ಎರಡನೇ ಗಾಡಿಯ ಹತ್ತಿರ ಹೋದ. "ನಂಬ್ದೆ ಇರ್ತೀವಾ ಬುದ್ಧಿ" ಅಂದು ಅವನೂ ಹಗ್ಗ ಬಿಗಿದ. ಮೂರನೇ ಗಾಡಿಯವನು ಮಾತೂ ಆಡಲಿಲ್ಲ. ಕೈಮುಗಿದ, ಗಾಡಿ ಹತ್ತಿದ.

ರಾಜನಿಗೆ ಅಳು ಬಂತು. ರಾಜರು ಅಳಬಾರದು ಅಂತ ಎಲ್ಲೋ ಇದೆಯಂತೆ. ಅವನು ಅತ್ತೇಬಿಟ್ಟ. ದಾರಿ ಪಕ್ಕದ ಕಟ್ಟೆಯ ಮೇಲೆ ಹೊಂಬಾಳಮ್ಮ ಗಂಟು ಇಟ್ಟುಕೊಂಡು ಕೂತಿದ್ದಳು. ರಾಜ ಹೋಗಿ ಅವಳ ಪಕ್ಕ ಕೂತ.

"ಅಜ್ಜಿ, ನನ್ನ ತಾತನ ಮಾತನ್ನು ಇಡೀ ರಾಜ್ಯ ನಂಬುತ್ತಿತ್ತು. ನಾನು ಏನು ಪಾಪ ಮಾಡಿದೆ?"

"ನಿಮ್ಮ ತಾತನ ಮಾತನ್ನೂ ನಾವು ನಂಬ್ತಿರ್ಲಿಲ್ಲ ಬುದ್ಧಿ" ಅಂದಳು ಹೊಂಬಾಳಮ್ಮ. "ದೀಪವ ನಂಬ್ತಿದ್ದೋ."

ರಾಜ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದ.

"ನಮ್ಮೆಜಮಾನ್ರು ಒಂದ್ಸಲ ಯಾರೋ ಅವಸರ ಮಾಡುದ್ರು ಅಂತ ದೀಪ ಇಳಿಸ್ದೆ ಹಗೇವಿಗೆ ಇಳುದ್ರು. ಏನೂ ಆಗಲ್ಲ, ನಾನು ಹೇಳ್ತಿವ್ನಲ್ಲ ಅಂದನಂತೆ ಆಗಿನ ಪಾರುಪತ್ತೇಗಾರ. ಮೇಲಕ್ಕೆ ಹೆಣ ಬಂತು. ಹೇಳ್ದೋನು ಒಳ್ಳೇನೇ. ಅವನ ಮಾತಿಂದ ಗಾಳಿ ಒಳ್ಳೇದಾಗ್ಲಿಲ್ಲ. ಅವತ್ತಿಂದ ನಾನು ದೀಪ ಬುಟ್ಟು ಯಾರ ಮಾತೂ ನಂಬಿಲ್ಲ."

"ಹಾಗಾದರೆ ನಾಳೆಯೇ ದೀಪ ಇಳಿಸು" ಅಂದ ರಾಜ. ಯಾರಿಗೂ ಹೂಂ ಅನ್ನದೆ ಅವನು ತಾನಾಗಿ ಕೊಟ್ಟ ಮೊದಲ ಅಪ್ಪಣೆ ಅದು.

ಇಬ್ಬರೂ ಅರಮನೆಯ ಅಂಗಳಕ್ಕೆ ಬಂದರು. ಅಲ್ಲಿ ಬೇವಿನ ಮರದಡಿ ಒಂದು ಅಗಲವಾದ ಚಪ್ಪಡಿಯ ಮೇಲೆ ಗಾದಿ ಹಾಸಿಕೊಂಡು ಸಂಪಂಗಯ್ಯ ಕೂತಿದ್ದ. ಬಂದಾಗಿನಿಂದ ಅದೇ ಅವನ ಕಚೇರಿ. ತಂಪಾದ ಜಾಗ. ಹೊಂಬಾಳಮ್ಮ ಗಾದಿಯ ಕೆಳಗೆ ಏನೋ ನೋಡಿದಳು. ಏನು ನೋಡಿದಳು ಅಂತ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಕೆಡುತ್ತದೆ. ಹೌದು, ಸಂಪಂಗಯ್ಯನೂ ಹೀಗೇ ಅಂದಿದ್ದ. ಆದರೆ ನಾನು ಹೇಳೇ ಹೇಳುತ್ತೇನೆ.

ಹಗೇವು ತೆಗೆಯಬೇಕು ಅಂತ ರಾಜ ಹೇಳಿದಾಗ ಸಂಪಂಗಯ್ಯ ಗಾದಿಯಿಂದ ದಡಕ್ಕನೆ ಎದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ತಾನಾಗಿ, "ಮಹಾಸ್ವಾಮಿ, ನಾನೇನು ಕದ್ದಿದ್ದೀನಾ?" ಅಂದ. ಯಾರೂ ಹಾಗೆ ಅಂದಿರಲಿಲ್ಲ.

"ಅಯ್ಯೋ, ಯಾರಂದ್ರು ಬುದ್ಧಿ" ಅಂದಳು ಹೊಂಬಾಳಮ್ಮ. "ಯಾರೂ ಒಳಕ್ಕೆ ಇಳಿಯಾದು ಬ್ಯಾಡ. ಮುಟ್ಟಾದು ಬ್ಯಾಡ. ಒಂದು ದೀಪ ಇಳಿಸಿ, ಜನ ಬಗ್ಗಿ ನೋಡ್ಲಿ. ದೀಪ ಆರಾದು ಅಪಶಕುನ ಅಂತ ತಾವೇ ಅಂದ್ರಿ. ಆರದಂಗೆ ತಾವೇ ನಿಂತು ಇಳಿಸಿ."

ಸಂಪಂಗಯ್ಯನಿಗೆ ಉಸಿರು ಬಂತು. ಬರೀ ಬಗ್ಗಿ ನೋಡುವುದಾದರೆ ದಾರಿ ಇದೆ. "ಆಗಲಿ. ಮುಹೂರ್ತ ನೋಡಬೇಕು. ಮೂರು ದಿನ ಕೊಡಿ, ವರ್ಷದೊಡಕಿಗೇ ಆಗುತ್ತದೆ" ಅಂದ.

ಮೂರು ದಿನ ಅರಮನೆಯ ಹೆಬ್ಬಾಗಿಲು ಮುಚ್ಚಿತ್ತು. ಹೊಳೆಯಿಂದ ಅರಮನೆಗೆ ಗಾಡಿಗಟ್ಟಲೆ ಮರಳು ಹೋಯಿತು. ಹಬ್ಬಕ್ಕೆ ಅಂಗಳ ಸರಿಮಾಡಿಸುತ್ತಿದ್ದೇವೆ ಅಂತ ಸಂಪಂಗಯ್ಯನ ಆಳುಗಳು ಹೇಳಿದರು. ಜನ ದಾರಿ ಬಿಟ್ಟುಕೊಟ್ಟರು. ಒಂದು ಅಂಗಳಕ್ಕೆ ಇಷ್ಟು ಮರಳು ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಬಾರದು ಅಂತ ಆಜ್ಞೆ ಇತ್ತಲ್ಲ. ಕಟ್ಟಿದ ಗಾಡಿಗಳನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

ವರ್ಷದೊಡಕು ಬಂತು. ಊರೆಲ್ಲ ಅಂಗಳದಲ್ಲಿ ಸೇರಿತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ದೊಡ್ಡವ್ವನ ಮುಂದೆ ಸಂಪಂಗಯ್ಯ ಜರಿಪೇಟ ಸುತ್ತಿಕೊಂಡು ನಿಂತಿದ್ದ. ಅವನ ಕೈಯಲ್ಲಿ ಮಣ್ಣಿನ ಹಣತೆ ಅಲ್ಲ, ದೇವರಮನೆಯ ಹಿತ್ತಾಳೆ ದೀಪ. ಹೆಬ್ಬೆರಳು ದಪ್ಪದ ಬತ್ತಿ, ತುಳುಕುವಷ್ಟು ಎಣ್ಣೆ.

"ಒಂದು ಮಾತು ಬುದ್ಧಿ" ಅಂದಳು ಹೊಂಬಾಳಮ್ಮ. "ಈ ಬಾಯಿ ತೆಗ್ದು ಎಷ್ಟು ಕಾಲ ಆಯ್ತು?"

"ನಾನು ಬಂದ ವರ್ಷ ತೆಗೆದದ್ದು. ಆಮೇಲೆ ಒಂದು ದಿನವೂ ತೆಗೆದಿಲ್ಲ."

"ನಡುವವ್ವಂದು?"

"ಅದನ್ನು ನಾನು ಮುಟ್ಟೇ ಇಲ್ಲ. ನೊಣ ಹೋಗುವಷ್ಟೂ ಸಂದಿ ಬಿಟ್ಟಿಲ್ಲ."

"ದೇವರಾಣೆಗೂ?"

"ದೇವರಾಣೆಗೂ."

"ಗವಿಯಣ್ಣ, ಅವ್ರಂದದ್ದ ಎಲ್ರಿಗೂ ಕೇಳಂಗೆ ಸಾರಪ್ಪ" ಅಂದಳು. ಗವಿಯ ಡಂಗುರ ಬಡಿದು ಸಾರಿದ. "ದೊಡ್ಡವ್ವನ ಬಾಯಿ ತೆಗೆದೇ ಇಲ್ಲ. ನಡುವವ್ವನನ್ನು ಮುಟ್ಟೇ ಇಲ್ಲ. ಇದು ನನ್ನ ಮಾತಲ್ಲ, ಪಾರುಪತ್ತೇಗಾರರ ಮಾತು."

ಚಪ್ಪಡಿ ಸರಿಸಿದರು. ಸಂಪಂಗಯ್ಯ ದೀಪ ಇಳಿಬಿಟ್ಟ. ಒಂದು ಮೊಳ ಇಳಿಯಿತು. ಎರಡು ಮೊಳ ಇಳಿಯಿತು. ಮೂರು ಮೊಳ ಇಳಿಯಿತು. ದೀಪ ಉರಿಯುತ್ತಲೇ ಇತ್ತು. ತಳದಲ್ಲಿ ಹೋಗಿ ಕೂತು ಇನ್ನೂ ಚೆನ್ನಾಗಿ ಉರಿಯಿತು. ಆ ಬೆಳಕಿನಲ್ಲಿ ಕೆಂಪಗೆ ರಾಗಿ ಕಾಣಿಸಿತು.

"ಬನ್ನಿ, ಬಗ್ಗಿ ನೋಡಿ" ಅಂದ ಸಂಪಂಗಯ್ಯ. "ಎಷ್ಟು ರಾಗಿ ಇದೆ ನೋಡಿ. ದೀಪವೂ ಆರಲಿಲ್ಲ. ಎಂಥ ಶುಭ."

ಒಬ್ಬ ಬಂದು ಬಗ್ಗಿ ನೋಡಿದ. ಏನೂ ಅನ್ನದೆ ಹಿಂದಕ್ಕೆ ಹೋದ. ಇನ್ನೊಬ್ಬಳು ಬಂದು ನೋಡಿದಳು. ಅವಳೂ ಏನೂ ಅನ್ನಲಿಲ್ಲ. ಮೂರನೆಯವನು ದೂರದಿಂದಲೇ ನೋಡಿ ಗಾಡಿಯ ಕಡೆ ತಿರುಗಿದ. ಈ ಜನಕ್ಕೆ ಏನು ತೋರಿಸಿದರೂ ಸಂತೋಷವಿಲ್ಲ ಅಂದುಕೊಂಡ ಸಂಪಂಗಯ್ಯ ನಡುವವ್ವನ ಬಾಯಿಗೂ ಹೋಗಿ ದೀಪ ಇಳಿಸಿದ. ಅಲ್ಲೂ ರಾಗಿ ಕಾಣಿಸಿತು. ಅಲ್ಲೂ ದೀಪ ಉರಿಯಿತು. ಅವನು ಹಲ್ಲು ಬಿಟ್ಟುಕೊಂಡು ರಾಜನ ಕಡೆ ನೋಡಿದ.

ರಾಜನ ಮುಖದಲ್ಲಿ ರಕ್ತವಿರಲಿಲ್ಲ. ಅವನೂ ಅದೇ ಊರಿನಲ್ಲಿ ಹುಟ್ಟಿದವನು. ತಾತನ ತೊಡೆಯ ಮೇಲೆ ಕೂತು ದೀಪ ಆರುವುದನ್ನು ನೋಡಿದವನು.

"ಸಂಪಂಗಯ್ಯ, ದೀಪ ಯಾಕೆ ಉರಿಯುತ್ತಿದೆ?" ಅಂದ ರಾಜ.

"ನನ್ನ ಏರ್ಪಾಡು ಮಹಾಸ್ವಾಮಿ. ದಪ್ಪ ಬತ್ತಿ."

"ನಾಲ್ಕು ವರ್ಷ ಮುಚ್ಚಿದ ಹಗೇವಿನಲ್ಲಿ ರಾಗಿ ಇದ್ದರೆ ಕೊಳ್ಳಿ ಇಳಿಸಿದರೂ ಆರುತ್ತದೆ. ಈ ಊರಿನ ಕೈಗೂಸಿಗೂ ಅದು ಗೊತ್ತು. ನಿನಗೆ ಯಾರೂ ಹೇಳಲಿಲ್ಲವೇ?"

ಸಂಪಂಗಯ್ಯನಿಗೆ ಯಾರೂ ಹೇಳಿರಲಿಲ್ಲ. ಹಗೇವಿನ ಮಾತು ಯಾರೂ ಆಡಕೂಡದು ಅಂತ ಅವನೇ ಸಾರಿಸಿದ್ದ.

ಒಬ್ಬನನ್ನು ಇಳಿಸಿದರು. ಅವನು ರಾಗಿಯೊಳಗೆ ಕೈ ಹಾಕಿದ. ನಾಲ್ಕು ಬೆರಳಿಗೆ ರಾಗಿ ಮುಗಿಯಿತು. ಮೊಣಕೈವರೆಗೆ ತೂರಿಸಿದ. ಮೇಲಕ್ಕೆ ಬಂದು ಮುಷ್ಟಿ ಬಿಚ್ಚಿದ. ಹೊಳೆಯ ಮರಳು.

ಜನ ಕೂಗಲಿಲ್ಲ, ಹೊಡೆಯಲಿಲ್ಲ. ಅದೇ ಹೆದರಿಕೆಯ ವಿಷಯ. ಸುಮ್ಮನೆ ಮಕ್ಕಳನ್ನು ಎತ್ತಿಕೊಂಡು ಗಾಡಿಗಳ ಕಡೆ ಹೊರಟರು.

"ನಿಂತ್ಕಳಿ" ಅಂದಳು ಹೊಂಬಾಳಮ್ಮ. "ನಮ್ಮೂರಲ್ಲಿ ಅವ್ವಂದಿರು ಎಷ್ಟು ಜನ?"

"ಮೂರು" ಅಂದರು ಜನ.

"ಮೂರಾ?" ಅಂತ ಕೇಳಿದವನು ಸಂಪಂಗಯ್ಯ. ಪಾಪ, ಅವನು ಎರಡೇ ಅಂದುಕೊಂಡಿದ್ದ.

ಹೊಂಬಾಳಮ್ಮ ಬೇವಿನ ಮರದಡಿ ಹೋಗಿ ಅವನ ಗಾದಿಯನ್ನು ಎಳೆದು ಆಚೆ ಹಾಕಿದಳು. ಕೆಳಗೆ ಚಪ್ಪಡಿ. ಚಪ್ಪಡಿಯ ಸುತ್ತ ಕೆಮ್ಮಣ್ಣಿನ ಮೆತ್ತು, ಬಿರುಕು ಬಿಡದೆ ಹಾಗೇ ಇತ್ತು. ಆವತ್ತು ಅವಳು ನೋಡಿದ್ದು ಇದನ್ನೇ. ಅದೇ ಚಿಕ್ಕವ್ವ. ಉಳಿದೆರಡರ ಹಾಗೆ ಬಾಯಿ ಎತ್ತರಿಸಿ ಕಟ್ಟಿರಲಿಲ್ಲ, ನೆಲಕ್ಕೆ ಸಮವಾಗಿತ್ತು. ನಾಲ್ಕು ವರ್ಷ ಸಂಪಂಗಯ್ಯ ರಾಗಿಯ ಮೇಲೆ ಕೂತೇ ರಾಗಿ ಕದ್ದಿದ್ದ.

ಹೊಂಬಾಳಮ್ಮ ಗಂಟಿನಿಂದ ತನ್ನ ಹಳೇ ಹಣತೆ ತೆಗೆದು ಹಚ್ಚಿದಳು. ಚಪ್ಪಡಿ ಮೀಟಿದರು. ದೀಪ ಒಂದು ಮೊಳ ಇಳಿಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಎರಡು ಮೊಳ ಇಳಿಯಿತು. ರಾಜ ಕಣ್ಣು ಮುಚ್ಚಿಕೊಂಡ. ಮೂರನೇ ಮೊಳ ಮುಟ್ಟುವ ಮೊದಲೇ ದೀಪ ಫಕ್ಕನೆ ಆರಿತು.

ಗವಿಯ ಡಂಗುರ ಬಡಿದ. "ದೀಪ ಆರಿತು" ಅಂದ. ಆಮೇಲೆ ಸುಮ್ಮನಾದ. ಇದು ನನ್ನ ಮಾತಲ್ಲ ಅಂತ ಸೇರಿಸಲಿಲ್ಲ. ಅವನ ವಂಶದಲ್ಲೇ ಅದು ಮೊದಲು.

ಜನ ಅತ್ತರು, ನಕ್ಕರು, ಕೈಮುಗಿದರು. ಬೇವಿನ ಕೊಂಬೆ ತಂದು ಗಾಳಿ ಬೀಸಿದರು. ತಳದ ರಾಗಿ ಬಂತು. ಅಂಬಲಿಗೆ ಆ ಮಣ್ಣಿನ ವಾಸನೆ ಇತ್ತು. ಅದನ್ನು ಕುಡಿದು ಇಷ್ಟು ರುಚಿಯಾದದ್ದನ್ನು ಜನ್ಮದಲ್ಲಿ ಕುಡಿದಿಲ್ಲ ಅಂದರು. ಗಾಡಿಗಳ ಹಗ್ಗ ಬಿಚ್ಚಿದರು.

ರಾಜ ಎದ್ದು ನಿಂತ. "ತಪ್ಪು ನನ್ನದು. ಅವನು ಮೂರು ಸಲ ಮುಚ್ಚೋಣ ಅಂದ. ನಾನು ಮೂರು ಸಲವೂ ಹೂಂ ಅಂದೆ" ಅಂದ.

"ನಿಮ್ದೊಂದೇ ಅಲ್ಲ ಬುದ್ಧಿ" ಅಂದಳು ಹೊಂಬಾಳಮ್ಮ. ಜನರ ಕಡೆ ತಿರುಗಿದಳು. "ಅವನು ಮರಳ ಮೇಲೆ ನಾಕು ಬೆರಳು ರಾಗಿ ಹರಡ್ದ. ನಾವು ಹೊಟ್ಟಿನ ಮೇಲೆ ನಾಕು ಬೆರಳು ಹರಡ್ಲಿಲ್ವಾ? ಮೇಲ್ಗಡೆಯೋರು ಮುಚ್ಚುದ್ರೆ ಕೆಳಗಿನೋರೂ ಮುಚ್ಚೋದ ಕಲೀತಾರೆ." ಜನ ನೆಲ ನೋಡಿದರು. ಮುಂದಿನ ಸುಗ್ಗಿಗೆ ಎಲ್ಲರೂ ಎರಡೆರಡು ಕೊಳಗ ತಂದರು. ಯಾರೂ ಹೇಳಿರಲಿಲ್ಲ.

ಚಿಕ್ಕವ್ವನ ರಾಗಿ ಹಿತಮಿತವಾಗಿ ಹಂಚಿಕೊಂಡು ಆ ವರ್ಷ ಕಳೆಯಿತು. ಸಂಪಂಗಯ್ಯನ ಮಾವನ ಕಣಜದಲ್ಲಿ ಉಳಿದಿದ್ದ ರಾಗಿಯನ್ನು ಗಾಡಿ ಕಳಿಸಿ ತರಿಸಿದರು. ಅವನ ತಲೆ ತೆಗೆಯಬೇಕು ಅಂತ ಕೆಲವರು ಅಂದರು. ರಾಜ ಬೇಡ ಅಂದ. ಅದಕ್ಕಿಂತ ಕಷ್ಟದ್ದು ಕೊಟ್ಟ. ಹನ್ನೆರಡು ವರ್ಷ ದಿನವೂ ಬೆಳಗಿನಿಂದ ಸಂಜೆಯವರೆಗೆ ಸಂಪಂಗಯ್ಯ ಹಗೇವುಗಳ ನಡುವೆ ಕೂತಿರಬೇಕು. ಗಾದಿ ಇಲ್ಲ. ಯಾರು ಬಂದು ಏನು ಕೇಳಿದರೂ ಉತ್ತರ ಹೇಳಬೇಕು. ನಂಬದವರಿಗೆ ದೀಪ ಇಳಿಸಿ ತೋರಿಸಬೇಕು.

ಹೆಂಗಸರು ನೀರಿಗೆ ಹೋಗುವಾಗ ಕೇಳಿದರು. ದನ ಕಾಯುವವರು ಬರುವಾಗ ಕೇಳಿದರು. ಮಕ್ಕಳು ದಿನಕ್ಕೆ ಹತ್ತು ಸಲ, "ಒಳಗೇನೈತೆ ಸಂಪಂಗಯ್ಯ?" ಅಂದರು. "ರಾಗಿ ಇದೆಯಪ್ಪ" ಅಂದ. "ಯಾರು ಹೇಳ್ದೋರು?" ಅಂದರು. ಅವನು ಎದ್ದು ಹಣತೆ ಹಚ್ಚಿದ. ಮೊದಲ ವರ್ಷ ಹಲ್ಲು ಕಡಿದುಕೊಂಡು ಹಚ್ಚಿದ. ಆರನೇ ವರ್ಷ ಬೇಜಾರಿಲ್ಲದೆ ಹಚ್ಚಿದ. ಹನ್ನೆರಡನೇ ವರ್ಷ ಶಿಕ್ಷೆ ಮುಗಿಯಿತು, ಮನೆಗೆ ಹೋಗು ಅಂತ ರಾಜ ಹೇಳಿ ಕಳಿಸಿದ. ಸಂಪಂಗಯ್ಯ ಹೋಗಲಿಲ್ಲ. ಹೊಂಬಾಳಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು, ಹಣತೆಯನ್ನು ಅವನಿಗೇ ಕೊಟ್ಟು ಹೋಗಿದ್ದಳು. ಅವನು ಇಳಿಸಿದ ದೀಪವನ್ನು ಜನ ನಂಬುತ್ತಿದ್ದರು. ಅವನನ್ನು ಅಲ್ಲ, ದೀಪವನ್ನು. ಅವನಿಗೂ ಅದು ಗೊತ್ತಿತ್ತು, ಅಷ್ಟು ಸಾಕು ಅನ್ನುತ್ತಿದ್ದ.

ಕಥೆಯ ನೀತಿ ಏನು ಅಂತ ಕೇಳುತ್ತೀರಿ. ಆಳುವವರು ಒಳ್ಳೆಯವರಿರಲಿ, ಕೆಟ್ಟವರಿರಲಿ, ನಂಬಿ ಅಂತ ಹೇಳಿಸಿಕೊಂಡು ಜನ ನಂಬುವುದಿಲ್ಲ. ತೆಗೆದು ತೋರಿಸಿದರೆ ನಂಬುತ್ತಾರೆ. ಮೇಲಿನ ನಾಲ್ಕು ಬೆರಳು ತೋರಿಸುವುದು ತೋರಿಸಿದ ಹಾಗಲ್ಲ, ತಳ ತೋರಿಸಬೇಕು. ತಪ್ಪಾದ ದಿನವೇ ತಪ್ಪಾಯಿತು ಅಂದರೆ ಇಪ್ಪತ್ತು ಚೀಲಕ್ಕೆ ಮುಗಿಯುತ್ತದೆ. ಮುಚ್ಚಿಟ್ಟರೆ ರಾಜ್ಯವೇ ಗಾಡಿ ಕಟ್ಟುತ್ತದೆ.

ನವಿಲುದಿಣ್ಣೆಯವರು ಈಗಲೂ ಅಂಬಲಿ ಕುಡಿಯುತ್ತಾರಂತೆ. ನಾನು ಹೇಳಿದೆ ಅಂತ ಅದಕ್ಕೂ ಹೂಂ ಅನ್ನಬೇಡಿ. ಹೋಗಿ ದೀಪ ಇಳಿಸಿ ನೋಡಿ.